ಎಕ್ಕದ ಗಿಡದ ಪಕ್ಕ ನಿಂತವರು

ಗಾಯಕ ನನ್ನ ಸ್ಟುಡಿಯೊಗೆ ಬಂದಾಗ ನಾನು ಪಿರಿಯಾಪಟ್ಟಣದ ಕಡೆಯ ಒಂದು ಮದುವೆಯ ವಿಡಿಯೊ ಕತ್ತರಿಸುತ್ತ ಕೂತಿದ್ದೆ. ಹುಣಸೂರಿನ ನನ್ನ ಅಂಗಡಿಯಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ, ತಿಥಿ ಎಲ್ಲವೂ ಒಂದೇ ಕಂಪ್ಯೂಟರಿನ ಮೂಲಕ ಹಾದುಹೋಗುತ್ತವೆ. ಗಾಯಕನ ಪರಿಚಯ ನನಗೆ ಮೊದಲಿನಿಂದ ಇತ್ತು. ಆರತಕ್ಷತೆಗಳಲ್ಲಿ ಅವನ ಆರ್ಕೆಸ್ಟ್ರಾ ಒಂದು ಮೂಲೆಯಲ್ಲಿ, ನನ್ನ ಕ್ಯಾಮೆರಾ ಇನ್ನೊಂದು ಮೂಲೆಯಲ್ಲಿ ಇರುತ್ತಿದ್ದವು. ಅವನ ಪಕ್ಕದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಗೆಳೆಯ ಆ ಮುಂಗಾರಿನಲ್ಲಿ ಜ್ವರ ಬಂದು ಮೈಸೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಿದ್ದ. ಇಬ್ಬರೂ ಹುಣಸೂರಿನ ಒಂದೇ ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ಇದ್ದರು. ಅದು ಎಲ್ಲರಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ಅಣ್ಣ, ಒಂದ್ ಹಾಡು ಬರ್ದಿವ್ನಿ. ವಿಡಿಯೊ ಮಾಡ್ಕೊಡ್ಬೇಕು,” ಎಂದ.

“ಯಾವ್ ದೇವ್ರುದು?” ಎಂದೆ. ಆರ್ಕೆಸ್ಟ್ರಾದವರು ಸ್ವಂತ ಹಾಡು ಮಾಡಿಸಿದರೆ ಬಹುಪಾಲು ತಮ್ಮ ಊರದೇವರ ಮೇಲೆ ಮಾಡಿಸುತ್ತಾರೆ.

“ದೇವ್ರುದಲ್ಲ. ನಮ್ದು.”

ಫೋನಿನಲ್ಲಿ ಹಾಡಿ ತುಂಬಿಕೊಂಡಿದ್ದನ್ನು ಕೇಳಿಸಿದ. ಬರಿಯ ದನಿ, ವಾದ್ಯವಿರಲಿಲ್ಲ. ಪಲ್ಲವಿ ಹೀಗಿತ್ತು:

ಎಕ್ಕದ ಗಿಡವೇ, ಬಿಳಿಹೂವಿನ ಸವತಿಯೇ,
ನನಗಿಲ್ಲದ ಅರಿಸಿನ ದಾರ ನಿನಗಾಯಿತೇ.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವನು ಸ್ಟೂಲಿನ ಮೇಲೆ ಕೂತು ಹೇಳಿದ. ಮದುವೆಯಾಗದೆ ಸತ್ತ ಗಂಡಸನ್ನು ಹಾಗೆಯೇ ಮಣ್ಣು ಮಾಡಬಾರದು ಎಂಬ ಪದ್ಧತಿ ನಮ್ಮ ಕಡೆ ಕೆಲವು ಮನೆತನಗಳಲ್ಲಿ ಇನ್ನೂ ಇದೆ. ಹೆಣ ಎತ್ತುವ ಮೊದಲು, ಅರಿಸಿನದ ಕೊಂಬು ಕಟ್ಟಿದ ದಾರವನ್ನು ಸತ್ತವನ ಕೈಗೆ ಮುಟ್ಟಿಸಿ, ಎಕ್ಕದ ಕೊಂಬೆಗೆ ಕಟ್ಟುತ್ತಾರೆ. ಅಲ್ಲಿಗೆ ಅವನಿಗೆ ಮದುವೆಯಾದ ಹಾಗೆ. ಕೀಬೋರ್ಡಿನ ಗೆಳೆಯನಿಗೂ ಸಾಲಿಗ್ರಾಮದ ಹತ್ತಿರದ ಅವನ ಊರಿನಲ್ಲಿ ಹಾಗೆ ಮಾಡಿದ್ದರು. ಆಮೇಲೆ ಕೊಂಬೆಯನ್ನು ಅವರ ಹೊಲದಲ್ಲೇ, ಸಮಾಧಿಯ ತಲೆಯ ಕಡೆ ನೆಟ್ಟಿದ್ದರು.

“ಕೊಂಬೆ ತರಕ್ಕೆ ಯಾರ್ನ ಕಳಿಸಿದ್ರು ಗೊತ್ತಾ ಅಣ್ಣ? ನನ್ನ. ‘ನೀನು ಸ್ನೇಹಿತ ಕಣಪ್ಪ, ನೀನೇ ಕಿತ್ಕೊಂಡ್ ಬಾ’ ಅಂದ್ರು ಅವ್ರ ಚಿಕ್ಕಪ್ಪ. ರಸ್ತೆ ಬದೀಲಿ ಮೊದ್ಲು ಒಂದ್ ಗಿಡ ಸಿಕ್ತು, ಎಲೆಯೆಲ್ಲ ಹುಳ ತಿಂದಿತ್ತು. ಅದು ಬ್ಯಾಡ ಅನ್ನಿಸ್ತು. ಮುಂದಕ್ಕೋಗಿ ಒಳ್ಳೇದ್ ಹುಡುಕ್ದೆ. ಅವ್ನ ಮದ್ವೆ ಅಲ್ವಾ.”

ಆಮೇಲೆ ಕೋರ್ಟಿನ ಮಾತು ತೆಗೆದ. ಗಂಡಸರಿಬ್ಬರ ಮದುವೆಗೆ ಕಾನೂನಿನ ಮನ್ನಣೆ ಕೊಡುವುದು ತನ್ನ ಕೆಲಸವಲ್ಲ, ಅದು ಪಾರ್ಲಿಮೆಂಟಿಗೆ ಬಿಟ್ಟದ್ದು ಎಂದು ಸುಪ್ರೀಂ ಕೋರ್ಟ್ ಹೇಳಿದ ದಿನ ಇಬ್ಬರೂ ಟಿವಿ ಮುಂದೆ ಕೂತಿದ್ದರಂತೆ. “ಅವ್ನು ಎದ್ದೋಗಿ ಅನ್ನಕ್ಕಿಟ್ಟ.” ಆಸ್ಪತ್ರೆಯಲ್ಲಿ ‘ಪೇಷಂಟಿಗೆ ನೀವೇನಾಗಬೇಕು’ ಎಂದು ಕೇಳಿದಾಗ ‘ರೂಮ್‌ಮೇಟ್’ ಎಂದು ತಾನೇ ಹೇಳಿದ್ದಾಗಿಯೂ ಹೇಳಿದ.

“ಆ ಗಿಡದ ಪಕ್ಕ ನಾನು ನಿಂತ್ಕಬೇಕು. ನಾನೇ. ನಾನವ್ನ ಮನೆಯೋನು ಅಂತ ನೋಡ್ದೋರಿಗೆ ಗೊತ್ತಾಗ್ಬೇಕು. ಮಿಕ್ಕಿದ್ದು ನೀವೇನಾದ್ರೂ ಮಾಡಿ.”

ಧೈರ್ಯದಿಂದ ಒಪ್ಪಿದೆ ಎಂದು ಹೇಳಲಾರೆ. ಮೌಸ್ ಹಿಡಿದುಕೊಂಡೇ “ಆಯ್ತು ಬುಡು” ಎಂದೆ.

ಹಾಡನ್ನು ಕೆ.ಆರ್. ನಗರದ ಒಂದು ಸಣ್ಣ ರೆಕಾರ್ಡಿಂಗ್ ಕೋಣೆಯಲ್ಲಿ ತುಂಬಿಸಿದೆವು. ಹಾರ್ಮೋನಿಯಂ, ತಬಲ, ಅವನ ದನಿ. ಚರಣಗಳ ನಡುವೆ ಕೀಬೋರ್ಡಿನ ಒಂದು ತುಣುಕು ಸೇರಿಸೋಣ ಎಂದು ರೆಕಾರ್ಡಿಂಗಿನವರು ಪಟ್ಟು ಹಿಡಿದರು. “ಅಲ್ಲಿ ಏನೂ ಬ್ಯಾಡ ಸಾರ್, ಬರೀ ತಾಳ ನಡೀಲಿ,” ಎಂದ ಗಾಯಕ. ಚಿತ್ರೀಕರಣಕ್ಕೆ ನಾನು ಜಾಗಗಳನ್ನು ಗುರುತಿಸಿದೆ. ಅವರಿಬ್ಬರೂ ಮೊದಲು ಭೇಟಿಯಾದದ್ದು ಎಚ್.ಡಿ. ಕೋಟೆಯ ಗಣೇಶೋತ್ಸವದಲ್ಲಿ, ಆ ಮೈದಾನ. ಇಬ್ಬರೂ ಆರ್ಕೆಸ್ಟ್ರಾದ ವ್ಯಾನ್ ತೊಳೆಯುತ್ತಿದ್ದ, ಹನಗೋಡಿನ ಹತ್ತಿರದ ಲಕ್ಷ್ಮಣತೀರ್ಥ ಹೊಳೆಯ ದಡ. ಮಳೆಯಲ್ಲಿ ನೆಂದ ವೈರುಗಳನ್ನು ಒಣಗಿಸಿಕೊಳ್ಳುತ್ತಿದ್ದ, ಪಿರಿಯಾಪಟ್ಟಣದ ಕಡೆಯ ಒಂದು ಹೊಗೆಸೊಪ್ಪು ಬೇಯಿಸುವ ಮನೆ, ಬ್ಯಾರನ್. ಕೊನೆಗೆ ಗಿಡ.

ಬ್ಯಾರನ್ನಿನಲ್ಲಿ ಒಂದಿಡೀ ದಿನ ಹಾಳಾಯಿತು. ಹೊರಗೆ ಜಡಿಮಳೆ, ಒಳಗೆ ಸೊಪ್ಪು ಬೇಯಿಸುವ ಕಾವು. ಒಳಗೆ ಕಾಲಿಟ್ಟ ಕೂಡಲೇ ಲೆನ್ಸಿನ ಮೇಲೆ ಹಬೆ ಕೂರುತ್ತಿತ್ತು, ಒರೆಸಿದಷ್ಟೂ ಮತ್ತೆ ಕೂರುತ್ತಿತ್ತು. ಕೊನೆಗೆ ಕ್ಯಾಮೆರಾವನ್ನು ಒಲೆಯ ಬಾಯಿಯಿಂದ ದೂರ, ಬಟ್ಟೆ ಸುತ್ತಿಟ್ಟು, ಅದು ಒಳಗಿನ ಕಾವಿಗೆ ಹೊಂದಿಕೊಳ್ಳುವವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಕಿಂಡಿಯಿಂದ ಬರುತ್ತಿದ್ದ ಬೆಳಕು ಹೋಗಿತ್ತು. ಮಾರನೆಯ ದಿನ ಮತ್ತೆ ಹೋದೆವು.

ಸಾಲಿಗ್ರಾಮದ ಹೊಲಕ್ಕೆ ಹೋಗುವ ಮೊದಲು ಗೆಳೆಯನ ತಾಯಿಯನ್ನು ಕೇಳಿದೆವು. ಆಕೆಗೆ ಗಂಡ ಇಲ್ಲ. ಮಗ ಹೋದ ಮೇಲೆ ಮನೆಯಲ್ಲಿ ಆಕೆ ಮತ್ತು ಮಗಳು. “ಅವ್ನ ನೆನಪಿಗೆ ಒಂದ್ ಹಾಡ್ ಮಾಡ್ತಾ ಇವ್ನಿ ಅವ್ವ,” ಎಂದ ಗಾಯಕ. “ಮಾಡಿ ಕಣ್ರಪ್ಪ. ಹಾಡ್ನೋರ್ ಜೊತೇಲೇ ಇದ್ದೋನು ನನ್ ಮಗ,” ಎಂದು ಕಾಫಿ ಕೊಟ್ಟರು. ಅವನು ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. ನಾನು ಪಕ್ಕದಲ್ಲಿ ಕೂತು ಕಾಫಿ ಕುಡಿದೆ.

ನೆಟ್ಟ ಕೊಂಬೆ ಚಿಗುರಿತ್ತು. ಅರಿಸಿನದ ದಾರ ಬಿಸಿಲಿಗೆ ಬಿಳಿಚಿಕೊಂಡು, ಕಾಂಡಕ್ಕೆ ಅಂಟಿಕೊಂಡೇ ಇತ್ತು. ಈ ಒಂದು ಶಾಟನ್ನು ನಿಧಾನಗತಿಯಲ್ಲಿ ಹಿಡಿಯಬೇಕಿತ್ತು. ಅದಕ್ಕೆ ಒಂದು ಕ್ರಮವಿದೆ. ಹಾಡನ್ನು ಸ್ಪೀಕರಿನಲ್ಲಿ ದುಪ್ಪಟ್ಟು ವೇಗದಲ್ಲಿ ಹಾಕುತ್ತೇವೆ, ಗಾಯಕ ಅದೇ ವೇಗದಲ್ಲಿ ತುಟಿ ಆಡಿಸುತ್ತಾನೆ. ಆಮೇಲೆ ಚಿತ್ರವನ್ನು ಅರ್ಧ ವೇಗಕ್ಕೆ ಇಳಿಸಿದರೆ ತುಟಿ ಹಾಡಿಗೆ ಸರಿಯಾಗಿ ಕೂಡುತ್ತದೆ, ಆದರೆ ಎಲೆ, ಕೂದಲು, ರೆಪ್ಪೆ ಎಲ್ಲ ನೀರಿನೊಳಗೆ ಇದ್ದ ಹಾಗೆ ಅಲುಗುತ್ತವೆ. ನೋಡುವವರಿಗೆ ಅದು ದುಃಖ. ಹಿಡಿಯುವಾಗ ಮಾತ್ರ ನಗೆಪಾಟಲು.

ಪಕ್ಕದ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು.

“ಅಯ್ಯೋ ನೋಡ್ರೇ, ಇಲಿ ಹಾಡ್ದಂಗ್ ಹಾಡ್ತಾವ್ನೆ!”

“ಯಾಕಣ್ಣ ಅಷ್ಟೊಂದ್ ಅವಸ್ರ? ಮನೇಲಿ ಸಾರು ಸೀದೋಗ್ತಾದಾ?”

ಗಾಯಕನೂ ನಕ್ಕ. ನಕ್ಕದ್ದಕ್ಕೆ ಟೇಕ್ ಹಾಳಾಯಿತು. ಮುಂದಿನದರಲ್ಲಿ ಗಾಳಿ ಬಂದು ಎಲೆ ಅವನ ಮುಖಕ್ಕೆ ಅಡ್ಡವಾಯಿತು. ಅದರ ಮುಂದಿನದು ಸಿಕ್ಕಿತು. ನಾನು ಕ್ಯಾಮೆರಾದ ಸಣ್ಣ ಪರದೆಯಲ್ಲಿ ಅದನ್ನು ನಿಧಾನ ಮಾಡಿ ಓಡಿಸಿದೆ. ಕೆಸರುಗೈಯಲ್ಲೇ ಹೆಂಗಸರು ಬಂದು ಬಗ್ಗಿ ನೋಡಿದರು. ಯಾರೂ ನಗಲಿಲ್ಲ. ಅವರಲ್ಲಿ ಹಿರಿಯಳೊಬ್ಬಳು ನನ್ನನ್ನು ಕೇಳಿದಳು: “ಯಾರ್ಗೆ ಹಾಡ್ತಾ ಇರಾದು ಇದು?”

“ಸ್ನೇಹಿತನಿಗೆ,” ಎಂದೆ.

ಆಕೆ ನನ್ನ ಮುಖ ನೋಡಿದಳು. ಆಮೇಲೆ ಗದ್ದೆಗೆ ಇಳಿದಳು.

ತುಣುಕುಗಳನ್ನು ಜೋಡಿಸಿ ರಫ್ ಕಟ್ ಮಾಡಿದೆ. ಗಿಡದ ಪಕ್ಕ ಗಾಯಕ ನಿಂತು ದಾರದ ಮೇಲೆ ಬೆರಳಿಡುವ ಶಾಟನ್ನು ನಾನು ಎಲ್ಲೂ ಕತ್ತರಿಸಲಿಲ್ಲ. ಚರಣದ ಕೊನೆಯ ಸಾಲಿನಿಂದ ಹಿಡಿದು ಬರೀ ತಾಳ ನಡೆಯುವ ಜಾಗ ಮುಗಿಯುವವರೆಗೆ ಅದನ್ನು ಪೂರ್ತಿ ಹಾಸಿದೆ. ನನ್ನ ಕೆಲಸದಲ್ಲಿ ಅಷ್ಟು ಉದ್ದದ ಶಾಟನ್ನು ನಾನು ಎಂದೂ ಬಿಟ್ಟವನಲ್ಲ. ಮದುವೆಯ ವಿಡಿಯೊದಲ್ಲಿ ಯಾರ ಮುಖವೂ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಮದುವೆ ಕೆಲಸದವರಿಗೆ ಒಂದು ರೂಢಿಯಿದೆ. ಫೈನಲ್ ಮಾಡುವ ಮೊದಲು ಮನೆಯವರಿಗೆ ತೋರಿಸುತ್ತೇವೆ. ಯಾರ ಜೊತೆ ಯಾರಿಗೆ ಮಾತಿಲ್ಲ, ಯಾವ ಭಾವ ಬೀಗರ ಸಾಲಿನಲ್ಲಿ ತಪ್ಪಿ ನಿಂತಿದ್ದಾನೆ ಎಂಬುದು ನಮಗೆ ತಿಳಿಯದು, ಮನೆಯವರು ತೆಗೆಸುತ್ತಾರೆ. ಹಾಡನ್ನು ಬಿಡುವ ಮೊದಲು ತಾಯಿಗೆ ತೋರಿಸಬೇಕು ಎಂದು ನಾನು ಹೇಳಿದೆ.

“ಬ್ಯಾಡ ಅಣ್ಣ. ಅವ್ರು ನೋಡಿದ್ ಮೇಲೆ ಅದು ಉಳಿಯಾಕಿಲ್ಲ.”

“ಅವ್ರ ಹೊಲ, ಅವ್ರ ಮಗ. ಕೇಳ್ದಲೆ ಬುಡಕ್ಕಾಗಲ್ಲ ಕಣೋ.”

“ಅವ್ನ ಮದ್ವೆ ಮಾಡ್ದಾಗ ಅವ್ರು ನನ್ ಕೇಳಿದ್ರಾ?”

ಆದರೂ, ತೋರಿಸದೆ ಕಾಪಿ ಕೊಡುವುದಿಲ್ಲ ಎಂದೆ. ಮುಂದೆ ಆದದ್ದೆಲ್ಲ ಈ ಮಾತಿನಿಂದ ಆಯಿತು. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಆಮೇಲೆ ಹಲವು ಸಲ ಯೋಚಿಸಿದ್ದೇನೆ. ಒಂದೊಂದು ಸಲ ಒಂದೊಂದು ತೋರುತ್ತದೆ.

ತಾಯಿಯ ಮನೆಯ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಮಗಳು ನೋಡಲು ಬಂದಳು. ತಾಯಿ ಹಾಡಿನ ಮೊದಲ ಸಾಲು ಕೇಳುತ್ತಲೇ ಅವಳನ್ನು ಅಂಗಡಿಗೆ ಸಕ್ಕರೆ ತರಲು ಕಳಿಸಿದರು. ಪೂರ್ತಿ ನೋಡಿದರು. “ಇನ್ನೊಂದ್ಸಲಿ ಹಾಕಪ್ಪ,” ಎಂದರು. ಎರಡನೆಯ ಸಲ ನೋಡುವಾಗ ಅವರ ತುಟಿ ಹಾಡಿನ ಜೊತೆ ಅಲುಗುತ್ತಿತ್ತು. ಗಾಯಕ ಕಂಬಕ್ಕೆ ಒರಗಿ ನಿಂತಿದ್ದ, ಪರದೆಯ ಕಡೆ ನೋಡಲಿಲ್ಲ.

“ಗೊತ್ತಿತ್ತು ಕಣ್ ಮಗ,” ಎಂದರು ಅವನಿಗೆ. “ಎಣ್ಣು ನೋಡದ್ ಬ್ಯಾಡ ಕಣವ್ವ ಅಂತ ಅವ್ನು ನನ್ ಕೈ ಇಡ್ಕಂಡು ಅತ್ತನಲ್ಲ, ಅವತ್ತೇ ಗೊತ್ತಾಯ್ತು. ಗೊತ್ತಾಯ್ತು ಅಂತ ಯಾರ್ಗೇಳ್ಲಿ?”

ನಾನು ಲ್ಯಾಪ್‌ಟಾಪ್ ಮುಚ್ಚಲು ಹೋದೆ. ಆಕೆ ತಡೆದರು.

“ಹಾಡು ಬೋ ಚೆಂದಾಗದೆ. ಅದ ತೆಗೀಬ್ಯಾಡಿ. ಆ ಗಿಡದ್ ತಾವ ಮಾತ್ರ… ನಿನ್ ಜಾಗ್ದಲ್ಲಿ ಒಂದ್ ಎಣ್ ಮಗೀನ ನಿಲ್ಲಿಸ್ಬುಡು.”

ಗಾಯಕ ತಲೆಯೆತ್ತಿದ.

“ಬೈಕೋಬ್ಯಾಡ ಕಣ್ ಮಗ. ನನ್ ಮಗನ್ನ ಯಾರೂ ಇಲ್ದೋನು ಅಂತ ಗಿಡುಕ್ಕೆ ಕಟ್ಟಿ ಕಳಿಸ್ದೆ. ಊರೋರೆಲ್ಲ ನಿಂತು ನೋಡುದ್ರು. ಯಾವ್ದೋ ಒಂದ್ ಎಣ್ಣು ಅವ್ನಿಗೋಸ್ಕರ ಅತ್ತದ್ದ ನಾನು ನೋಡ್ಬೇಕು. ಊರೂ ನೋಡ್ಬೇಕು. ಸುಳ್ಳಾದ್ರೂ ಸರಿ.”

“ನಾನ್ ಅತ್ತಿವ್ನಿ ಅಲ್ವಾ ಅವ್ವ.”

ಆಕೆ ಎದ್ದು ಬಂದು ಸೆರಗಿನಿಂದ ಅವನ ಮುಖ ಒರೆಸಿದರು. ಅವನ ಮುಖದಲ್ಲಿ ಒರೆಸುವಂಥದ್ದೇನೂ ಇರಲಿಲ್ಲ, ಅದನ್ನು ನಾನು ನೋಡಿದ್ದೇನೆ. “ನಂಗ್ ಗೊತ್ತು. ಊರ್ಗೆ ಗೊತ್ತಾಗದ್ ಬ್ಯಾಡ. ಕೂಸ್ಗೆ ಪಿರಿಯಾಪಟ್ಟಣದ ಕಡೆಯಿಂದ ಸಂಬಂಧ ಬಂದದೆ. ಅವ್ರ್ ಕಿವಿಗ್ ಬಿದ್ರೆ ಇದೂ ಮನೇಲೇ ಕುಂತ್ಕತದೆ.”

ಅವನು ಬೇಡ ಎನ್ನಲಿ ಎಂದು ನಾನು ಬಯಸಿದೆ. ಹೊರಗೆ ಸಕ್ಕರೆ ತಂದ ಮಗಳ ಚಪ್ಪಲಿಯ ಸದ್ದು ಕೇಳಿಸಿತು.

“ಆಯ್ತವ್ವ,” ಎಂದ.

ವಾಪಸು ಬರುವಾಗ ಕೆ.ಆರ್. ನಗರ ದಾಟಿದ ಮೇಲೆ ಅವನೇ ಹೇಳಿದ: “ಅವ್ನು ಇದ್ದಿದ್ರೂ ಅವ್ವನ್ ಮಾತೇ ನಡೆಸ್ತಿದ್ದ.”

ಗಿಡದ ಪಕ್ಕ ನಿಲ್ಲಲು ಅವರ ಆರ್ಕೆಸ್ಟ್ರಾದ ಗಾಯಕಿಯನ್ನೇ ಕೇಳಿದೆವು. ಮೈಸೂರಿನ ಹುಡುಗಿ, ಬಾಯಿ ಜೋರು. ಇಬ್ಬರ ವಿಷಯವೂ ಅವಳಿಗೆ ತಿಳಿದಿತ್ತು. “ನಾನ್ ಅತ್ರೆ ಮೂಗು ಟೊಮೇಟೊ ಆಗ್ತದೆ ಸಾರ್, ಆಮೇಲೆ ನನ್ ಬೈಬೇಡಿ,” ಎಂದು ಕಾರು ಹತ್ತಿದವಳು, ಹೊಲ ತಲುಪಿದ ಮೇಲೆ ಇಳಿಯಲಿಲ್ಲ. “ಅಣ್ಣ, ಇದು ನನ್ ಕೈಲಾಗಲ್ಲ. ನಿನ್ ಜಾಗ ಅದು,” ಎಂದಳು. ಗಾಯಕ ಬಾಗಿಲು ತೆಗೆದು ಹಿಡಿದು ನಿಂತ. “ಇಳಿ. ಬೆಳಕು ಹೋಯ್ತದೆ.”

ನನ್ನ ಕೆಲಸ ಎರಡು ಶಾಟುಗಳನ್ನು ಹೊಂದಿಸುವುದು. ಮೊದಲಿನದೇ ಲೆನ್ಸ್, ಸ್ಟ್ಯಾಂಡಿನ ಅದೇ ಎತ್ತರ, ಅವನು ನಿಂತಿದ್ದ ಕಡೆ ನೆಟ್ಟಿದ್ದ ಕಡ್ಡಿ ಇನ್ನೂ ಇತ್ತು. ಅದರ ಮೇಲೇ ಅವಳನ್ನು ನಿಲ್ಲಿಸಿದೆ. ಗಿಡ ಅಷ್ಟರಲ್ಲಿ ಎತ್ತರವಾಗಿತ್ತು. ಹೊಸ ಎಲೆಗಳು ಚೌಕಟ್ಟಿನೊಳಗೆ ಬಾರದಂತೆ ದಾರದಿಂದ ಹಿಂದಕ್ಕೆ ಕಟ್ಟಿದೆ. ಮೋಡವಿತ್ತು, ಅವಳ ಮುಖ ಕಪ್ಪಾಗಿ ಬರುತ್ತಿತ್ತು. ಬಿಳಿ ಥರ್ಮೋಕೋಲ್ ಹಾಳೆ ಹಿಡಿದು ಬೆಳಕನ್ನು ಅವಳ ಮುಖಕ್ಕೆ ತಿರುಗಿಸಬೇಕಿತ್ತು. ಗಾಯಕ ಅದನ್ನು ಎತ್ತಿಕೊಂಡು ಚೌಕಟ್ಟಿನ ಹೊರಗೆ ಮಂಡಿಯೂರಿ ಕೂತ. ಅಲ್ಲಿಂದಲೇ ಅವಳಿಗೆ ಹೇಳಿಕೊಟ್ಟ.

“ಅಳಬ್ಯಾಡ. ಕೊಂಬೆ ಕಿತ್ತಾಗ ನಾನು ಅತ್ತಿರ್ನಿಲ್ಲ. ಕೈ ನೋಡ್ಕೊ. ಎಕ್ಕದ ಹಾಲು ಅಂಟ್ಕಂಡದೆ ಅನ್ಕೊ. ಒರೆಸ್ಕೊ. ಹೋಗಲ್ಲ ಅದು. ಇನ್ನೊಂದ್ ಸಲಿ ಒರೆಸ್ಕೊ. ಹಾ. ಈಗ ದಾರ ಮುಟ್ಟು. ಎಳೀಬ್ಯಾಡ, ಮುಟ್ಟು ಅಷ್ಟೇ.”

ದುಪ್ಪಟ್ಟು ವೇಗದ ಹಾಡು ಕೀಚಲಾಗಿ ಓಡುತ್ತಿತ್ತು. ಅವಳು ಅಳಬಾರದೆಂದೇ ಮಾಡಿದಳು, ಆದರೆ ದಾರ ಮುಟ್ಟಿದ ಮೇಲೆ ತಡೆಯಲಾಗಲಿಲ್ಲ. ಮೊದಲ ಟೇಕೇ ಸಿಕ್ಕಿತು. ನೋಡಲು ಬಂದಿದ್ದ ಹೆಂಗಸರು ಕಣ್ಣು ಒರೆಸಿಕೊಂಡರು. “ಪಾಪ, ಎಂಥಾ ಎಣ್ಣು! ಮೊದ್ಲೇ ಬಾಯ್ ಬುಟ್ಟಿದ್ರೆ ಒಪ್ಪಿ ಮದ್ವೆ ಮಾಡ್ತಿರ್ನಿಲ್ವಾ?” ಎಂದಳು ಒಬ್ಬಳು. ಹಿಂದೆ ನನ್ನನ್ನು ಪ್ರಶ್ನೆ ಕೇಳಿದ್ದ ಹಿರಿಯಳು ಮಾತ್ರ ಹುಡುಗಿಯನ್ನು ನೋಡಲಿಲ್ಲ. ಥರ್ಮೋಕೋಲ್ ಹಿಡಿದು ಕೂತಿದ್ದವನನ್ನು ನೋಡುತ್ತಿದ್ದಳು.

ಎಡಿಟಿಂಗ್‌ನಲ್ಲಿ ಇದು ಬಹಳ ಸುಲಭದ ಕೆಲಸ. ಒಂದು ತುಣುಕಿನ ಮೇಲೆ ಅಷ್ಟೇ ಉದ್ದದ ಇನ್ನೊಂದನ್ನು ಎಳೆದು ಬಿಟ್ಟರೆ ಕೆಳಗಿನದು ಕಾಣುವುದಿಲ್ಲ. ಗಾಯಕ ನನ್ನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ನಾನು ಎಳೆದು ಬಿಟ್ಟೆ. “ಕೂತ್ಕಂತು,” ಎಂದ. ಇನ್ನುಳಿದ ಕಡೆ ಅವನು ಮೈದಾನದಲ್ಲಿ, ಹೊಳೆಯ ದಡದಲ್ಲಿ, ಬ್ಯಾರನ್ನಿನಲ್ಲಿ ಹಾಡುತ್ತ ಇದ್ದ. ಈಗ ಅವನು ಹಾಡುಗಾರ, ಅವಳು ಕಳೆದುಕೊಂಡವಳು. ಯಾರಿಗೂ ಅನುಮಾನ ಬಾರದಷ್ಟು ಚೆನ್ನಾಗಿ ಹೊಂದಿತ್ತು.

ಹಾಡು ನಮ್ಮ ತಾಲ್ಲೂಕುಗಳಲ್ಲಿ ಚೆನ್ನಾಗಿಯೇ ಓಡಿತು. ಹೆಣ್ಣಿನ ಮನಸ್ಸನ್ನು ಅರಿತು ಬರೆದಿದ್ದೀರಿ ಎಂದು ಜನ ವಿಡಿಯೊದ ಕೆಳಗೆ ಬರೆದರು. ಆರತಕ್ಷತೆಗಳಲ್ಲಿ ಅದನ್ನೇ ಕೇಳತೊಡಗಿದರು. ಮದುವೆ ಮನೆಯಲ್ಲಿ ಅದು ಬೇಡ ಎಂದು ಹಿರಿಯರು ತಡೆದರೂ ಹುಡುಗರು ಬಿಡುತ್ತಿರಲಿಲ್ಲ. ಒಂದು ಆರತಕ್ಷತೆಯಲ್ಲಿ ಗಾಯಕ ಮೈಕನ್ನು ಗಾಯಕಿಯ ಕೈಗೆ ಕೊಟ್ಟು ಕೆಳಗಿಳಿದು ಹೋದದ್ದನ್ನು ನನ್ನ ಕ್ಯಾಮೆರಾದಿಂದ ನೋಡಿದೆ. ಆಮೇಲೆ ಅವಳೇ ಅದನ್ನು ಹಾಡುತ್ತಿದ್ದಳು.

ತಾಯಿ ಆ ವಿಡಿಯೊವನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. ಮೊದಮೊದಲು ‘ಹಾಡಿನ ಹುಡುಗಿ’ ಎನ್ನುತ್ತಿದ್ದವರು ಬರಬರುತ್ತ ‘ನಮ್ಮ ಹುಡುಗಿ’ ಎಂದರು. ವರ್ಷದ ತಿಥಿಗೆ ಗಾಯಕಿಯನ್ನು ತಾವೇ ಫೋನ್ ಮಾಡಿ ಕರೆದರು. ಅವಳು ಹೆದರಿ ಗಾಯಕನನ್ನು ಕೇಳಿದಳು. “ಹೋಗ್ಬೇಕು. ಅವ್ವ ಕರ್ದವ್ರೆ,” ಎಂದ. ನಮ್ಮಿಬ್ಬರಿಗೂ ಕರೆ ಬಂದಿತ್ತು. ನನ್ನ ಕಾರಿನಲ್ಲೇ ಮೂವರೂ ಹೋದೆವು.

ಗಾಯಕಿಯನ್ನು ಒಳಗೆ ಕರೆದುಕೊಂಡು ಹೋಗಿ ಹೆಂಗಸರ ನಡುವೆ ಕೂರಿಸಿದರು. ಎಡೆ ಇಡುವ ಹೊತ್ತಿಗೆ ತಾಯಿ ಅವಳ ಕೈಗೇ ಎಲೆ ಕೊಟ್ಟರು. ಫೋಟೊದ ಮುಂದೆ ಅವಳು ಎಲೆ ಹಾಸಿ, ಅವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದಳು. ಯಾವುದು ಇಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ, ಪಕ್ಕದವರು ಹೇಳಿಕೊಟ್ಟರು. ಗಾಯಕ ಬಾಗಿಲಾಚೆ ನಿಂತಿದ್ದ. ಒಮ್ಮೆ ಮಾತ್ರ, “ಉಪ್ಪಿನಕಾಯಿ ಬ್ಯಾಡ, ತಿಂತಿರ್ನಿಲ್ಲ,” ಎಂದ. ಯಾರಿಗೂ ಕೇಳಿಸಲಿಲ್ಲ. ಆಮೇಲೆ ಶಾಮಿಯಾನದ ಕೆಳಗೆ ಊಟದ ಸಾಲು ಕೂತಾಗ, ಕೈ ಸಾಲದೆಂದು ಯಾರೋ ಅವನ ಕೈಗೆ ಸಾರಿನ ಬಕೆಟ್ ಕೊಟ್ಟರು. ಅವನು ಬಡಿಸಿದ.

ಹೊರಡುವಾಗ ತಾಯಿ ಮಗಳಿಂದ ಗಾಯಕಿಗೆ ಕುಂಕುಮ ಇಡಿಸಿ, ಮಡಿಲಿಗೆ ಸೀರೆ ಹಾಕಿದರು. ಹಸಿರು ಸೀರೆ, ಅಂಚು ಕೆಂಪು. “ಬತ್ತಾ ಇರವ್ವ,” ಎಂದರು. ಗಾಯಕನ ಬೆನ್ನು ಸವರಿ, “ನೀನೂ ಬಾರಪ್ಪ,” ಎಂದರು.

ಬಿಳಿಕೆರೆಯಲ್ಲಿ ಗಾಯಕಿ ಮೈಸೂರಿನ ಬಸ್ಸಿಗೆಂದು ಇಳಿದಳು. ಇಳಿಯುವ ಮೊದಲು ಸೀರೆಯನ್ನು ಗಾಯಕನ ತೊಡೆಯ ಮೇಲಿಟ್ಟಳು. “ಇದ್ ನಾನ್ ಇಟ್ಕೊಂಡ್ರೆ ನಿದ್ದೆ ಬರಲ್ಲ ಅಣ್ಣ,” ಎಂದಳು. ಅವನು ಬೇಡ ಎನ್ನುವಷ್ಟರಲ್ಲಿ ಅವಳು ರಸ್ತೆ ದಾಟಿ ಬಸ್ಸಿನ ಕಡೆ ಓಡಿದ್ದಳು.

ಹುಣಸೂರಿನವರೆಗೆ ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ಅವನ ಬೀದಿಯ ತಿರುವಿನಲ್ಲಿ ನಿಲ್ಲಿಸಿದೆ. ಇಳಿದು ನಾಲ್ಕು ಹೆಜ್ಜೆ ಹೋದವನು ವಾಪಸು ಬಂದು, ಕಿಟಕಿಯೊಳಗೆ ಕೈ ತೂರಿಸಿ ಸೀರೆಯನ್ನು ಸೀಟಿನ ಮೇಲೆ ಇಟ್ಟ.

“ನಿಮ್ಮನೆಯೋರ್ಗೆ ಕೊಡಿ ಅಣ್ಣ. ನಮ್ಮನೇಲಿ ಉಡೋರ್ ಯಾರೂ ಇಲ್ಲ.”